ಡ್ರೈಯರ್ ತಗೊಳ್ಳೋದಾ, ಜೊತೆಗೊಬ್ಬರನ್ನು ಹುಡುಕೋದಾ?

ಪ್ರಶ್ನೆ: ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯವಳು. ಮೂರು ವರ್ಷದಿಂದ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ ಮಾಡಿ ಸಾಗರ, ಶಿವಮೊಗ್ಗದ ಅಂಗಡಿಗಳಿಗೆ ಕೊಡುತ್ತಿದ್ದೇನೆ. ಕಳೆದ ವರ್ಷ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಹತ್ತು ದಿನದ ತರಬೇತಿಯನ್ನೂ ಪಡೆದೆ. ಮಾಲು ಹೋಗುತ್ತದೆ. ಆದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅರ್ಧ ಕಿಲೋ ಬಾಟಲಿಗೆ 83 ರೂಪಾಯಿ ಖರ್ಚು ಬೀಳುತ್ತದೆ, ಅಂಗಡಿಗೆ 150ಕ್ಕೆ ಕೊಡುತ್ತೇನೆ. ಮೂರು ಅಂಗಡಿಯವರು ನಾಲ್ಕು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಕಳೆದ ಸಲ ಕೆಲವು ಬಾಟಲಿಗಳಲ್ಲಿ ಮಿಡಿ ಮೆತ್ತಗಾಗಿ ವಾಪಸ್ ಬಂದವು. ಒಬ್ಬರು ವರ್ಷಕ್ಕೆ 36,000 ರೂಪಾಯಿ ಕೊಟ್ಟರೆ ಮೆಂಟರಿಂಗ್ ಮಾಡುತ್ತೇನೆ, ಸಬ್ಸಿಡಿ ಬಂದರೆ ಅದರಲ್ಲಿ ನೂರಕ್ಕೆ ಹತ್ತು ಕೊಡಿ ಅನ್ನುತ್ತಿದ್ದಾರೆ. ನಮ್ಮ ಮನೆಯವರು, ಆ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಹಪ್ಪಳ ಒಣಗಿಸುವ ಡ್ರೈಯರ್ ತಗೊಳ್ಳೋಣ ಅನ್ನುತ್ತಾರೆ. ನಮ್ಮಂಥ ಸಣ್ಣವರಿಗೆ ಮಾರ್ಗದರ್ಶಕರು ನಿಜವಾಗಲೂ ಬೇಕಾ?

ಉತ್ತರ: ಬೇಕು. ಆದರೆ ಆ 36,000 ಕೊಡಬೇಡಿ. ಡ್ರೈಯರನ್ನೂ ಈ ವರ್ಷ ತಗೊಳ್ಳಬೇಡಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಓದಿದಾಗೆಲ್ಲ ನನಗೆ ನೆನಪಾಗಿದ್ದು ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ. ನಾನು ಆಗ ಮಲೆನಾಡಿನ ಒಂದು ಸಣ್ಣ ಬ್ಯಾಂಕ್ ಶಾಖೆಯಲ್ಲಿ ಸಾಲದ ವಿಭಾಗ ನೋಡುತ್ತಿದ್ದೆ. ಅಡಿಕೆ ಹಾಳೆಯಿಂದ ತಟ್ಟೆ ಮಾಡುತ್ತೇನೆ, ಎರಡು ಮಷಿನ್‌ಗೆ ಸಾಲ ಕೊಡಿ ಅಂತ ಬಂದ. ಅವನ ಯೋಜನಾ ವರದಿ ಚೆನ್ನಾಗಿತ್ತು. ತರಬೇತಿಯ ಸರ್ಟಿಫಿಕೇಟ್ ಇತ್ತು. ಸಹಿ ಹಾಕಿದವಳು ನಾನೇ. ಮಷಿನ್ ಬಂದು ಕರೆಂಟ್ ಸಂಪರ್ಕ ಸಿಗುವಷ್ಟರಲ್ಲಿ ಜೂನ್ ಆಯ್ತು. ಮಳೆ ಹಿಡಿಯಿತು. ಹಾಳೆ ಎಲ್ಲಿದೆ? ತೋಟದಲ್ಲಿ ಬಿದ್ದಿದ್ದೆಲ್ಲ ನೆನೆದು ಬೂಷ್ಟು ಹಿಡಿದಿತ್ತು. ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು, ಒಣಗಿಸಿ, ಮಳೆಗಾಲ ಪೂರ್ತಿಗೆ ಒಟ್ಟಿಟ್ಟುಕೊಳ್ಳಬೇಕು. ಅದಕ್ಕೆ ಮಷಿನ್‌ಗಿಂತ ಮೊದಲು ಕೈಯಲ್ಲಿ ದುಡ್ಡು ಬೇಕು, ಒಣ ಜಾಗ ಬೇಕು. ನಾವು ಕೊಟ್ಟ ದುಡ್ಡೆಲ್ಲ ಮಷಿನ್‌ಗೇ ಹೋಗಿತ್ತು. ದೀಪಾವಳಿ ಹೊತ್ತಿಗೆ ಕಂತು ತಪ್ಪಿತು. ಎರಡನೇ ವರ್ಷ ಅವನು ಮಷಿನ್ ಮಾರಿ ಬೆಂಗಳೂರಿಗೆ ಹೋದ.

ಆಮೇಲೆ ವಸೂಲಿಗೆ ಅಂತ ಆ ಊರಿಗೆ ಹೋದಾಗ, ಅವನ ಮನೆಯಿಂದ ಐದು ಮನೆ ಆಚೆಯ ಒಬ್ಬ ಹಿರಿಯರು ನನಗೆ ಹೇಳಿದರು: "ಹಾಳೆ ಮಾರ್ಚ್‌ನಲ್ಲೇ ಒಟ್ಟಬೇಕಿತ್ತು ಅಮ್ಮಾ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ." ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸಾಲ ಇತ್ತು, ತರಬೇತಿ ಇತ್ತು, ಗೊತ್ತಿರುವವರೂ ಐದೇ ಮನೆ ದೂರದಲ್ಲಿದ್ದರು. ಇಬ್ಬರನ್ನೂ ಒಂದು ಕಡೆ ಕೂರಿಸುವವರು ಇರಲಿಲ್ಲ. ಆ ಕೆಲಸ ನಾನು ಮಾಡಬಹುದಿತ್ತು, ಮಾಡಲಿಲ್ಲ. ಬ್ಯಾಂಕ್ ಬಿಟ್ಟ ಮೇಲೆ ನಾನು ಮಾಡುತ್ತಾ ಬಂದಿರುವುದು ಹೆಚ್ಚಾಗಿ ಅದನ್ನೇ.

ಈಗ ನಿಮ್ಮ ವಿಷಯ. ಮೊದಲು ಆ 83 ರೂಪಾಯಿ ಲೆಕ್ಕ ನೋಡೋಣ. ಯಾಕಂದ್ರೆ ಮಾರ್ಗದರ್ಶಕರು ಅಂದರೆ ಏನು ಮಾಡುವವರು ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

83 ರೂಪಾಯಿಗೆ ನೀವು ಏನೇನು ಸೇರಿಸಿದ್ದೀರಿ? ಮಿಡಿ, ಉಪ್ಪು, ಮೆಣಸು, ಸಾಸಿವೆ, ಬಾಟಲಿ, ಲೇಬಲ್. ಅಷ್ಟೇ ಇರುತ್ತದೆ ಅಂತ ನನ್ನ ಅಂದಾಜು. ನಾನು ನೋಡಿದ ಹತ್ತು ಮನೆ ಉದ್ಯಮದಲ್ಲಿ ಎಂಟರ ಲೆಕ್ಕ ಹೀಗೇ ಇರುತ್ತದೆ. ಕೈಯಿಂದ ದುಡ್ಡು ಕೊಟ್ಟಿದ್ದು ಮಾತ್ರ ಖರ್ಚು. ಉಳಿದದ್ದು ಲೆಕ್ಕಕ್ಕೇ ಬರುವುದಿಲ್ಲ.

200 ಬಾಟಲಿಯ ಒಂದು ಸುತ್ತು ತಗೊಳ್ಳಿ. ಮಿಡಿ ಆರಿಸಿ, ತೊಳೆದು, ಒರೆಸಿ, ಉಪ್ಪಿಗೆ ಹಾಕಿ, ಆಮೇಲೆ ಖಾರ ಅರೆದು, ಬೆರೆಸಿ, ತುಂಬಿ, ಮುಚ್ಚಳ ಹಾಕುವವರೆಗೆ ಇಬ್ಬರಿಗೆ ಆರು ದಿನದ ಕೆಲಸ ಅಂತಿಟ್ಟುಕೊಳ್ಳೋಣ. ಹನ್ನೆರಡು ಆಳು. ದಿನಕ್ಕೆ 400ರಂತೆ 4,800. ಬಾಟಲಿಗೆ 24 ರೂಪಾಯಿ. ಆ ಆಳಿನಲ್ಲಿ ಒಬ್ಬರು ನೀವು, ಇನ್ನೊಬ್ಬರು ನಿಮ್ಮ ಅತ್ತೆಯೋ ನಾದಿನಿಯೋ ಆಗಿರಬಹುದು. ಆದರೂ ಅದು ಕೂಲಿಯೇ. ಸಾಗರ, ಶಿವಮೊಗ್ಗಕ್ಕೆ ಸಾಗಿಸಲು 1,400 ಅಂದರೆ ಬಾಟಲಿಗೆ 7. ಹತ್ತು ಬಾಟಲಿ ಸೋರಿಯೋ ಮೆತ್ತಗಾಗಿಯೋ ವಾಪಸ್ ಬಂದರೆ 1,500 ಹೋಯ್ತು, ಬಾಟಲಿಗೆ ಏಳೂವರೆ. ಇನ್ನು ದುಡ್ಡು ಹಾಕುವುದು ಮಿಡಿ ಕಾಲದಲ್ಲಿ, ಕೈಗೆ ಬರುವುದು ವರ್ಷವಿಡೀ. 200 ಬಾಟಲಿಗೆ 83ರಂತೆ ಹಾಕಿದ 16,600 ರೂಪಾಯಿ ಸರಾಸರಿ ಆರು ತಿಂಗಳು ಬಾಟಲಿಯಲ್ಲಿ ಕೂತಿರುತ್ತದೆ. ನೂರಕ್ಕೆ ಹನ್ನೆರಡರಂತೆ ಬಡ್ಡಿ ಹಾಕಿದರೆ ಸುಮಾರು 1,000, ಬಾಟಲಿಗೆ 5.

ಕೂಡಿಸಿ ನೋಡಿ. 24, 7, ಏಳೂವರೆ, 5. ಒಟ್ಟು 43 ರೂಪಾಯಿ 50 ಪೈಸೆ. ನೀವು 67 ಉಳಿಯುತ್ತದೆ ಅಂದುಕೊಂಡಿದ್ದ ಕಡೆ ಉಳಿಯುವುದು 23 ರೂಪಾಯಿ 50 ಪೈಸೆ. ಗ್ಯಾಸ್, ಸೌದೆ, ಕರೆಂಟ್, ಫೋನ್ ಇನ್ನೂ ಸೇರಿಸಿಲ್ಲ. ಮೂರು ಅಂಗಡಿಯವರು ದುಡ್ಡೇ ಕೊಡದಿದ್ದರೆ ಆ 23 ಕೂಡ ಕಾಗದದ ಮೇಲಷ್ಟೇ ಇರುತ್ತದೆ. ಕೈಯಲ್ಲಿ ಏನೂ ಉಳಿಯುತ್ತಿಲ್ಲ ಅಂದಿರಲ್ಲ, ಕಾರಣ ಇದು. ನಿಮ್ಮ ಕೈರುಚಿಯಲ್ಲಿ ತಪ್ಪಿಲ್ಲ, ನಿಮ್ಮ ದುಡಿಮೆಯಲ್ಲೂ ತಪ್ಪಿಲ್ಲ.

ಈ ಸಂಖ್ಯೆಗಳು ನನ್ನ ಅಂದಾಜು, ನಿಮ್ಮ ಮನೆಯ ಸಂಖ್ಯೆ ಬೇರೆ ಇರಬಹುದು. ನೀವೇ ಕೂತು ಹಾಕಿ. ಇದರಲ್ಲಿ ಕಷ್ಟದ ಗಣಿತ ಯಾವುದೂ ಇಲ್ಲ, ಅಲ್ವಾ? ಇಷ್ಟು ಲೆಕ್ಕ ನಿಮಗೂ ಬರುತ್ತದೆ. ಮೂರು ವರ್ಷ ಇದನ್ನು ಯಾರೂ ನಿಮ್ಮ ಹತ್ತಿರ ಕೇಳಿಲ್ಲ, ಅಷ್ಟೇ. "ಅತ್ತೆಗೆ ಕೂಲಿ ಎಷ್ಟು ಹಿಡಿದಿದ್ದೀರಿ?" ಅಂತ ಒಬ್ಬರು ಕೇಳಿದ್ದರೆ ಮೊದಲ ವರ್ಷವೇ ಬೆಲೆ ಬೇರೆ ಇಡುತ್ತಿದ್ದಿರಿ. ನನ್ನ ಪ್ರಕಾರ ಮಾರ್ಗದರ್ಶಕರ ಮುಖ್ಯ ಕೆಲಸ ಇದು. ತಿಂಗಳಿಗೊಮ್ಮೆ ನಿಮ್ಮ ಪುಸ್ತಕದ ಎದುರು ಕೂತು, ನೀವು ನಿಮಗೆ ಕೇಳಿಕೊಳ್ಳದ ಪ್ರಶ್ನೆ ಕೇಳುವುದು.

ತೋಟದ ಕೆಲಸದಲ್ಲಿ ನಮಗಿದು ಗೊತ್ತೇ ಇದೆ. ಅಡಿಕೆ ಕೊನೆ ಕೊಯ್ಯಲು ಕಲಿಯುವ ಹುಡುಗನನ್ನು ಯಾರೂ ಒಬ್ಬನೇ ಮರ ಹತ್ತಿಸುವುದಿಲ್ಲ. ಹಳೆಯ ಕೊನೆಗೌಡ ಕೆಳಗೆ ನಿಂತಿರುತ್ತಾನೆ. ಕಾಲಿನ ತಳೆ ಸರಿ ಇದೆಯಾ, ಮರ ಒದ್ದೆ ಇದೆಯಾ ನೋಡುತ್ತಾನೆ. ಹತ್ತುವವನು ಹುಡುಗನೇ. ಆದರೆ ಕೆಳಗೊಂದು ಜೊತೆ ಕಣ್ಣು ಇರುತ್ತದೆ. ವ್ಯಾಪಾರಕ್ಕೆ ಇಳಿದಾಗ ಮಾತ್ರ ಹತ್ತು ದಿನ ಪಾಠ ಹೇಳಿ ಮರ ಹತ್ತು ಅಂತ ಬಿಟ್ಟುಬಿಡುತ್ತೇವೆ.

ತರಬೇತಿಗೂ ಮಾರ್ಗದರ್ಶನಕ್ಕೂ ಇರುವ ಈ ವ್ಯತ್ಯಾಸವನ್ನು ಕೆಲವರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಕೀನ್ಯಾ ದೇಶದ ನೈರೋಬಿಯಲ್ಲಿ ದಂಡೋರಾ ಅಂತ ಒಂದು ಬಡ ಬಡಾವಣೆ ಇದೆ. ಅಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರಲ್ಲಿ ಒಂದು ಗುಂಪಿಗೆ ತರಗತಿಯ ಪಾಠ ಹೇಳಿಸಿದರು. ಇನ್ನೊಂದು ಗುಂಪಿನ ಒಬ್ಬೊಬ್ಬರಿಗೂ ಅದೇ ಬಡಾವಣೆಯ ಅನುಭವಸ್ಥ ವ್ಯಾಪಾರಿ ಹೆಂಗಸೊಬ್ಬರನ್ನು ಜೊತೆ ಮಾಡಿದರು. 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಪಾಠ ಕೇಳಿದವರ ಲಾಭ ಹೇಳುವಷ್ಟು ಏರಲಿಲ್ಲ. ಜೊತೆ ಸಿಕ್ಕವರ ಲಾಭ ಸರಾಸರಿ ನೂರಕ್ಕೆ 20ರಷ್ಟು ಏರಿತ್ತು. ಕಾರಣ ದೊಡ್ಡ ವಿದ್ಯೆ ಏನಲ್ಲ. ಯಾರ ಹತ್ತಿರ ಮಾಲು ಅಗ್ಗಕ್ಕೆ ಸಿಗುತ್ತದೆ ಅನ್ನುವಂಥ ಊರಿನ ಗುಟ್ಟುಗಳು. ಇನ್ನೂ ಒಂದು ವಿಷಯ ಅಲ್ಲಿ ಕಂಡಿತು. ಜೊತೆಯವರನ್ನು ಭೇಟಿ ಮಾಡುವುದು ನಿಂತ ಮೇಲೆ ಆ ಲಾಭವೂ ನಿಧಾನಕ್ಕೆ ಕರಗಿತು.

ಇದರಿಂದ ನಿಮಗೆ ಎರಡು ಉಪಯೋಗ. ನಿಮಗೆ ಬೇಕಾದವರು ನಿಮ್ಮ ಸುತ್ತಮುತ್ತಲವರೇ ಆಗಿರಬೇಕು. ಹೊಸನಗರದಲ್ಲಿ ಮಿಡಿ ಯಾವ ವಾರ ಅಗ್ಗ, ಸಾಗರದಲ್ಲಿ ಯಾವ ಅಂಗಡಿಯವರು ದುಡ್ಡು ಸರಿಯಾಗಿ ಕೊಡುತ್ತಾರೆ ಅನ್ನೋದು ಬೆಂಗಳೂರಿನ ದೊಡ್ಡ ಸಲಹೆಗಾರರಿಗೆ ಗೊತ್ತಿರುವುದಿಲ್ಲ. ಮತ್ತೆ, ಭೇಟಿ ನಿಲ್ಲಬಾರದು. ಒಂದು ಸಲ ಸಿಕ್ಕಿ ಎರಡು ಗಂಟೆ ಮಾತಾಡಿ ಬಂದರೆ ಉಪಯೋಗ ಕಡಿಮೆ.

ಹಾಗಾದರೆ 36,000 ಕೇಳುವವರು? ಅವರ ಬಗ್ಗೆ ನನಗೆ ಗೊತ್ತಿಲ್ಲ, ಅವರು ಒಳ್ಳೆಯವರೇ ಇರಬಹುದು. ಆದರೆ ಸಬ್ಸಿಡಿಯಲ್ಲಿ ನೂರಕ್ಕೆ ಹತ್ತು ಕೇಳಿದ ಕೂಡಲೇ ನಾನು ಎದ್ದು ಬರುತ್ತೇನೆ, ನೀವೂ ಬನ್ನಿ. ಸಬ್ಸಿಡಿಯಲ್ಲಿ ಪಾಲು ಇರುವವರಿಗೆ ನೀವು ದೊಡ್ಡ ಸಾಲ ಮಾಡಿದಷ್ಟೂ ಲಾಭ. ಎರಡು ಲಕ್ಷದ ಅಗತ್ಯ ಇರುವ ಕಡೆ ಎಂಟು ಲಕ್ಷದ ಯೋಜನೆ ಬರೆಯುತ್ತಾರೆ. ಸಬ್ಸಿಡಿ ಬಂದ ದಿನ ಅವರ ಕೆಲಸ ಮುಗಿಯಿತು. ಸಾಲದ ಕಂತು ಮಾತ್ರ ಐದು ವರ್ಷ ನಿಮ್ಮ ಹೆಸರಲ್ಲಿ ನಿಂತಿರುತ್ತದೆ.

ಇನ್ನೊಂದು ಮಾತು. ಅವರು ದುಡ್ಡಿಗೆ ಮಾಡಿಕೊಡುತ್ತೇನೆ ಅನ್ನುವ ಕೆಲಸಕ್ಕೆ ಸರ್ಕಾರವೇ ಜನ ಇಟ್ಟಿದೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಪಿಎಂಎಫ್‌ಎಂಇ ಅನ್ನುವ ಕೇಂದ್ರದ ಯೋಜನೆ ಶುರುವಾಯಿತು. ಸಾಲಕ್ಕೆ ಜೋಡಿಸಿದ ಸಹಾಯಧನ ನೂರಕ್ಕೆ 35, ಗರಿಷ್ಠ 10 ಲಕ್ಷ ಅಂತ ಇಟ್ಟರು. ಕರ್ನಾಟಕ ತನ್ನ ಕಡೆಯಿಂದ ಇನ್ನೂ ನೂರಕ್ಕೆ 15 ಸೇರಿಸಿತು. ನಮ್ಮಲ್ಲಿ ಇದು ಕೃಷಿ ಇಲಾಖೆ ಮತ್ತು ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ) ಮೂಲಕ ನಡೆದಿದೆ. ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಅಂತ ಇರುತ್ತಾರೆ. ಯೋಜನಾ ವರದಿ ಬರೆಯಲು, ಬ್ಯಾಂಕಿಗೆ ಓಡಾಡಲು, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಲು ಅವರು ನೆರವಾಗಬೇಕು. ಸಾಲ ಮಂಜೂರಾದರೆ ಅವರಿಗೆ ಸಂಭಾವನೆ ಕೊಡುವುದು ಸರ್ಕಾರ. ನೀವು ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಈ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಉತ್ಪನ್ನ ಅನಾನಸ್. ಅದಕ್ಕೇ ಉಪ್ಪಿನಕಾಯಿಗೆ ಸಿಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗಾಗಲೇ ನಡೆಯುತ್ತಿರುವ ಬೇರೆ ಆಹಾರ ಘಟಕಗಳಿಗೂ ಅವಕಾಶ ಇಟ್ಟಿದ್ದಾರೆ. ಅರ್ಜಿ ಹಾಕುವ ಮುಂಚೆ ಕೃಷಿ ಇಲಾಖೆಯ ಕಚೇರಿಗೆ ನೀವೇ ಹೋಗಿ, ಯೋಜನೆ ಈಗ ಯಾವ ಹಂತದಲ್ಲಿದೆ ಅಂತ ಕೇಳಿ. ಆದರೆ ಅದಕ್ಕೆ ಅವಸರ ಬೇಡ. ಮೊದಲು ಲೆಕ್ಕ ಸರಿಯಾಗಲಿ.

ನಿಮಗೆ ಆಗಲೇ ಇರುವ, ನೀವು ಮರೆತಿರುವ ಒಂದು ಬೆಂಬಲವೂ ಇದೆ. ಆರ್‌ಸೆಟಿಯಲ್ಲಿ ಹತ್ತು ದಿನ ಕಲಿತೆ ಅಂದಿರಿ. ಆರ್‌ಸೆಟಿಯ ಮೂಲ ಉಜಿರೆಯ ರುಡ್‌ಸೆಟಿ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕ್ ಸೇರಿ ಅದನ್ನು ಕಟ್ಟಿದವು. ಆ ಮಾದರಿ ಚೆನ್ನಾಗಿ ನಡೆಯಿತು ಅಂತಲೇ ಕೇಂದ್ರ ಸರ್ಕಾರ ಅದನ್ನು ದೇಶದ ಜಿಲ್ಲೆ ಜಿಲ್ಲೆಗೆ ಒಯ್ದಿತು. ಅದರ ಗಟ್ಟಿತನ ಆ ಹತ್ತು ದಿನದಲ್ಲಿಲ್ಲ. ತರಬೇತಿ ಮುಗಿದ ಮೇಲೆ ಎರಡು ವರ್ಷ ಕಲಿತವರ ಬೆನ್ನಿಗೆ ನಿಲ್ಲಬೇಕು ಅನ್ನುವುದು ಆ ವ್ಯವಸ್ಥೆಯ ನಿಯಮ. ಸಾಲ ಕೊಡಿಸುವುದು, ಅಡಚಣೆ ಕೇಳುವುದು, ಘಟಕ ನೋಡಲು ಬರುವುದು ಎಲ್ಲ ಅದರಲ್ಲಿ ಬರುತ್ತದೆ. ನೀವು ಕಲಿತಿದ್ದು ಕಳೆದ ವರ್ಷ. ಅಂದರೆ ನಿಮ್ಮ ಎರಡು ವರ್ಷ ಇನ್ನೂ ಮುಗಿದಿಲ್ಲ. ಅವರು ಫೋನ್ ಮಾಡಲಿ ಅಂತ ಕಾಯಬೇಡಿ. ನೀವೇ ಮಾಡಿ. "ನಾನು ನಿಮ್ಮಲ್ಲಿ ಕಲಿತವಳು, ನನ್ನ ಮಿಡಿ ಮೆತ್ತಗಾಗುತ್ತಿದೆ, ನನ್ನ ಲೆಕ್ಕ ನೋಡಿಕೊಡಿ" ಅನ್ನಿ. ಸಂಕೋಚ ಬೇಡ. ಅದು ನಿಮಗೆ ಸಲ್ಲಬೇಕಾದ್ದು.

ಮಿಡಿ ಮೆತ್ತಗಾಗುವ ವಿಷಯಕ್ಕೆ ಬಂದರೆ, ಅದಕ್ಕೆ ಮೊದಲ ಗುರು ನಿಮ್ಮ ಊರಲ್ಲೇ ಇದ್ದಾರೆ. ಪ್ರತಿ ಊರಲ್ಲೂ ನಲವತ್ತು, ಐವತ್ತು ವರ್ಷ ಮಿಡಿ ಹಾಕಿದ ಒಬ್ಬ ಅಮ್ಮ ಇರುತ್ತಾರೆ. ಅವರ ಭರಣಿಯ ಮಿಡಿ ಎರಡು ವರ್ಷ ಆದರೂ ಕಚ್ಚಿದರೆ ಕಟಕ್ ಅನ್ನುತ್ತದೆ. ಅವರ ಮನೆಗೆ ಹೋಗಿ ಕೂತು ಕೇಳಿ. ಮಿಡಿಯನ್ನು ತೊಟ್ಟಿನ ಸಮೇತ ಕೈಯಲ್ಲೇ ಇಳಿಸಿದ್ದಾ, ಬಡಿದು ಬೀಳಿಸಿದ್ದಾ? ಪೆಟ್ಟು ತಿಂದ ಮಿಡಿಯನ್ನು ಬೇರೆ ಮಾಡಿದ್ದಿರಾ? ನೀರಿನ ಪಸೆ ಪೂರ್ತಿ ಆರಿತ್ತಾ? ಉಪ್ಪು ಅಳತೆ ಮಾಡಿ ಹಾಕಿದ್ದಾ, ಕಣ್ಣಂದಾಜಾ? ಮೇಲೆ ಭಾರ ಇಟ್ಟು ಮಿಡಿ ಪೂರ್ತಿ ಉಪ್ಪುನೀರಿನಲ್ಲಿ ಮುಳುಗುವ ಹಾಗೆ ಇಟ್ಟಿದ್ದಿರಾ? ಅವರು ಈ ಐದು ಪ್ರಶ್ನೆ ಕೇಳುವಷ್ಟರಲ್ಲಿ ತಪ್ಪು ಎಲ್ಲಿ ಅಂತ ನಿಮಗೇ ಹೊಳೆಯುತ್ತದೆ. ಹತ್ತು ಸೇರು ಮಿಡಿಗೆ ಕಣ್ಣಂದಾಜು ನಡೆಯುತ್ತದೆ. 200 ಬಾಟಲಿಗೆ ನಡೆಯುವುದಿಲ್ಲ. ಅವರ ಕೈಯಳತೆಯನ್ನು ನೀವು ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು. ಆಮೇಲೂ ಕೆಟ್ಟರೆ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಬಾಟಲಿ ತಗೊಂಡು ಹೋಗಿ. ಅಲ್ಲಿಗೂ ಬಗೆಹರಿಯದಿದ್ದರೆ ಮೈಸೂರಿನಲ್ಲಿ ಆಹಾರ ತಂತ್ರಜ್ಞಾನದ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ.

ಅಂಗಡಿಯವರ ಬಾಕಿ. ಇದರಲ್ಲಿ ನೀವು ಒಂಟಿಯಾಗಿ ತುಂಬಾ ನೊಂದಿದ್ದೀರಿ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿದ್ದೀರಾ? ಬರೆದಿಲ್ಲ. ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳುವ ನಕಲಿ ತಾಣಗಳಿವೆ, ಹುಷಾರು. ಇದು ಯಾಕೆ ಮುಖ್ಯ ಅಂದರೆ, 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಲೇಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರು ಕೊಡಲು ಪ್ರತ್ಯೇಕ ಮಂಡಳಿಯೇ ಇದೆ. ನೋಂದಣಿ ಆದ ನಂತರ ಕಳಿಸಿದ ಮಾಲಿಗೆ ಈ ರಕ್ಷಣೆ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೇ ತಡ ಮಾಡಬೇಡಿ ಅಂದಿದ್ದು.

ಆದರೆ ನಾಳೆಯೇ ದೂರು ಕೊಡಿ ಅಂತ ನಾನು ಹೇಳುತ್ತಿಲ್ಲ. ಸಣ್ಣ ಊರಿನ ವ್ಯಾಪಾರ ಮುಖ ನೋಡಿಕೊಂಡು ನಡೆಯುತ್ತದೆ. ಮೊದಲು ಬಿಲ್ ಬರೆದು ಕೊಡುವ ಅಭ್ಯಾಸ ಮಾಡಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಇರಲಿ, ಯಾವ ತಾರೀಖಿನೊಳಗೆ ದುಡ್ಡು ಅಂತ ಇರಲಿ. ಹಳೆಯ ಬಾಕಿ ಅರ್ಧವಾದರೂ ಬರುವವರೆಗೆ ಹೊಸ ಮಾಲು ಇಳಿಸಬೇಡಿ. ಕೇಳಲು ಹೋಗುವಾಗ ಒಬ್ಬರೇ ಹೋಗಬೇಡಿ. ಜೊತೆಗೊಬ್ಬರು ಬಿಲ್ ಪುಸ್ತಕ ಹಿಡಿದು ಸುಮ್ನೆ ನಿಂತರೂ ಸಾಕು, ಮಾತಿನ ಧಾಟಿಯೇ ಬದಲಾಗುತ್ತದೆ. ನಾನು ಇದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ.

ಜೊತೆ ಅಂದೆನಲ್ಲ, ಅದಕ್ಕೆ ಅಹಮದಾಬಾದಿನ ಇನ್ನೊಂದು ಸಂಗತಿ ಹೇಳಬೇಕು. ಅಲ್ಲಿ ಸೇವಾ ಬ್ಯಾಂಕ್ ಅಂತ ದುಡಿಯುವ ಹೆಂಗಸರದ್ದೇ ಬ್ಯಾಂಕ್ ಇದೆ. ಅದರ ಗ್ರಾಹಕರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟರು. ಕೆಲವರನ್ನು ಒಬ್ಬೊಬ್ಬರಾಗಿ ಕರೆದರು. ಕೆಲವರಿಗೆ ಒಬ್ಬ ಗೆಳತಿಯನ್ನೂ ಕರೆತನ್ನಿ ಅಂದರು. ಪಾಠ ಎರಡೂ ಕಡೆ ಒಂದೇ. ನಾಲ್ಕು ತಿಂಗಳ ನಂತರ ನೋಡಿದಾಗ ವ್ಯಾಪಾರಕ್ಕೆ ಸಾಲ ತಗೊಂಡು ಮುಂದೆ ಹೋದವರು ಗೆಳತಿಯ ಜೊತೆ ಬಂದವರು. ಓಡಾಟಕ್ಕೆ ಮನೆಯಲ್ಲಿ ಜಾಸ್ತಿ ಕಟ್ಟುಪಾಡು ಇದ್ದವರಿಗೇ ಇದರಿಂದ ಹೆಚ್ಚು ಉಪಯೋಗವಾಗಿತ್ತು. ಧೈರ್ಯ ಅನ್ನೋದು ಒಬ್ಬರೇ ಕೂತು ತಂದುಕೊಳ್ಳುವಂಥದ್ದಲ್ಲ. ಆಷಾಢದಲ್ಲಿ ಎಂಟು ದಿನ ಕರೆಂಟಿಲ್ಲದೆ, ಬಸ್ಸಿಲ್ಲದೆ, ಆರ್ಡರ್ ಇಲ್ಲದೆ ಅಡುಗೆಮನೆಯಲ್ಲಿ ಕೂತವರಿಗೆ ಒಂದು ಫೋನ್ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಯಾರನ್ನು ಕೇಳುವುದು? ನಿಮ್ಮದೇ ಉಪ್ಪಿನಕಾಯಿ ವ್ಯಾಪಾರದವರನ್ನು ಬೇಡ. ಅವರಿಗೂ ಮುಜುಗರ, ನಿಮಗೂ ಭಯ. ಬೇರೆ ಮಾಲಿನವರು ಒಳ್ಳೆಯದು. ಅಂಗಡಿ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರು, ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ಲೆಕ್ಕ ನೋಡಿ ನಿವೃತ್ತರಾದವರು, ಬೇಕರಿಯನ್ನೋ ಹೊಲಿಗೆ ಘಟಕವನ್ನೋ ಹತ್ತು ವರ್ಷ ನಡೆಸಿದ ಹೆಂಗಸು. ನಿಮ್ಮ ಮಹಿಳಾ ಸಂಘದ ಒಕ್ಕೂಟದಲ್ಲೂ ಕೇಳಿ. ಸಾಲ ಕೊಟ್ಟವರನ್ನು, ಮಷಿನ್ ಮಾರುವವರನ್ನು, ಹತ್ತಿರದ ನೆಂಟರನ್ನು ಬಿಟ್ಟುಬಿಡಿ. ನೆಂಟರು ಯಾಕೆ ಬೇಡ ಅಂದರೆ, ಅವರು ಹೇಳಿದ್ದನ್ನು ನೀವು ಕೇಳದಿದ್ದರೆ ಮುಂದಿನ ಮದುವೆ ಮನೆಯಲ್ಲಿ ಮಾತು ಬರುತ್ತದೆ. ಮಾರ್ಗದರ್ಶಕರ ಮಾತನ್ನು ಬೇಡ ಅನ್ನುವ ಸ್ವಾತಂತ್ರ್ಯ ನಿಮಗೆ ಇರಲೇಬೇಕು.

ಕೇಳುವಾಗ "ನನಗೆ ಮೆಂಟರ್ ಆಗಿ" ಅನ್ನಬೇಡಿ, ಹೆದರಿಬಿಡುತ್ತಾರೆ. "ತಿಂಗಳಿಗೆ ಒಂದು ಗಂಟೆ ನನ್ನ ಲೆಕ್ಕದ ಪುಸ್ತಕ ನೋಡ್ತೀರಾ? ಆರು ತಿಂಗಳು ನೋಡೋಣ" ಅನ್ನಿ. ಅಷ್ಟು ಕೇಳಿದರೆ ಇಲ್ಲ ಅನ್ನುವವರು ನಮ್ಮ ಕಡೆ ಕಡಿಮೆ. ಆರು ತಿಂಗಳು ಅಂತ ಮೊದಲೇ ಹೇಳಿದ್ದರೆ, ಹೊಂದಿಕೆಯಾಗದಿದ್ದಾಗ ಬೇಜಾರಿಲ್ಲದೆ ನಿಲ್ಲಿಸಬಹುದು. "ನಿನಗೇನು ಗೊತ್ತು" ಅನ್ನುವವರು, ನಿಮ್ಮ ಲೆಕ್ಕವನ್ನು ನಾಲ್ಕು ಜನರ ಎದುರು ಆಡುವವರು, ಎಲ್ಲವನ್ನೂ ತಾವೇ ತೀರ್ಮಾನ ಮಾಡುವವರು ಸಿಕ್ಕರೆ ಆರು ತಿಂಗಳೂ ಕಾಯಬೇಡಿ.

ದುಡ್ಡು ಕೊಡಬೇಕಾ ಅಂದರೆ, ಬಸ್ಸಿನ ಖರ್ಚು ನಿಮ್ಮದು. ಮಿಕ್ಕಿದ್ದಕ್ಕೆ ಮುಯ್ಯಾಳಿನ ಪದ್ಧತಿ ಸಾಕು. ನಾಟಿಗೆ ಅವರ ಗದ್ದೆಗೆ ನಾವು, ನಮ್ಮ ಗದ್ದೆಗೆ ಅವರು ಹೋಗುವುದಿಲ್ಲವಾ? ಬೇಕರಿಯವರ ಹಬ್ಬದ ಆರ್ಡರಿಗೆ ಎರಡು ದಿನ ನೀವು ಕೈ ಹಾಕಿ. ನಾಳೆ ಇನ್ನೊಬ್ಬ ಹುಡುಗಿ ಹಪ್ಪಳ ಶುರು ಮಾಡಿದರೆ ಅವಳ ಲೆಕ್ಕ ನೀವು ನೋಡಿ.

ಇದೆಲ್ಲ ನಮ್ಮ ಸೀಮೆಗೆ ಹೊಸದೇನಲ್ಲ. ಅಡಿಕೆ ಮಾರಾಟದ ಸಹಕಾರ ಸಂಘ, ಶಿವಮೊಗ್ಗದ ಮ್ಯಾಮ್ಕೋಸ್ 1939ರಿಂದ ಇದೆ. ಅಡಿಕೆ ಬೆಳೆಗಾರ ಒಬ್ಬೊಬ್ಬನೇ ವ್ಯಾಪಾರಿಯ ಎದುರು ನಿಂತರೆ ದರ ಸಿಗುವುದಿಲ್ಲ ಅಂತ ಆಗಲೇ ಅರ್ಥವಾಗಿತ್ತು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ 1996ರಲ್ಲಿ ಚರಕ ಅನ್ನುವ ಕೈಮಗ್ಗದ ಸಹಕಾರ ಸಂಘ ಶುರುವಾದಾಗ ನೇಯುವ, ಬಣ್ಣ ಹಾಕುವ, ಹೊಲಿಯುವ ಕೆಲಸ ಹಳ್ಳಿಯ ಹೆಂಗಸರು ಮಾಡಿದರು. ಪೇಟೆಯಲ್ಲಿ ಮಾರುವ ಹೊಣೆಯನ್ನು ಆಮೇಲೆ ದೇಸಿ ಅನ್ನುವ ಮಾರಾಟ ಸಂಸ್ಥೆ ಹೊತ್ತುಕೊಂಡಿತು. ನೇಯುವವಳೇ ಬೆಂಗಳೂರಿನ ಗಿರಾಕಿಯನ್ನೂ ಹುಡುಕಬೇಕಾಗಿರಲಿಲ್ಲ. ನೀವೀಗ ಮಿಡಿ ಕೊಯ್ಯಿಸುವುದರಿಂದ ಹಿಡಿದು ಅಂಗಡಿಯವರ ಹತ್ತಿರ ಬಾಕಿ ಕೇಳುವವರೆಗೆ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದೀರಿ. ಅಷ್ಟು ಭಾರ ಯಾರಿಗೂ ಒಳ್ಳೆಯದಲ್ಲ.

ಡ್ರೈಯರ್ ಬಗ್ಗೆ ನಿಮ್ಮ ಮನೆಯವರು ಹೇಳಿದ್ದರಲ್ಲಿ ಅರ್ಥ ಇದೆ. ಮಲೆನಾಡಿನಲ್ಲಿ ಹಪ್ಪಳ ಬಿಸಿಲನ್ನೇ ನಂಬಿಕೊಂಡಿದೆ. ಮೇ ತಿಂಗಳ ಕೊನೆಯ ಮಳೆ ಬಂದರೆ ಹಾಕಿದ ಹಪ್ಪಳವೂ ಹೋಯ್ತು, ಮರದಲ್ಲಿರುವ ಹಲಸೂ ಹೋಯ್ತು. ಆದರೆ ಡ್ರೈಯರಿನಲ್ಲಿ ಒಣಗಿದ ನಿಮ್ಮ ಹಪ್ಪಳ ಎಣ್ಣೆಗೆ ಹಾಕಿದಾಗ ಅರಳುತ್ತದಾ? ಬಣ್ಣ ಉಳಿಯುತ್ತದಾ? ಒಂದು ಸುತ್ತಿಗೆ ಕರೆಂಟ್ ಎಷ್ಟು? ಇದು ಗೊತ್ತಿಲ್ಲದೆ ಸಾಲ ಮಾಡಬಾರದು. ಸುತ್ತಮುತ್ತ ಬಾಳೆಕಾಯಿಯನ್ನೋ ಹಣ್ಣನ್ನೋ ಒಣಗಿಸುವವರು ಡ್ರೈಯರ್ ಇಟ್ಟಿರುತ್ತಾರೆ. ಇಬ್ಬರೂ ಹೋಗಿ, ಬಾಡಿಗೆ ಕೊಟ್ಟು, ಎರಡು ಮೂರು ಸುತ್ತು ಒಣಗಿಸಿ ತನ್ನಿ. ಅದೇ ಹಪ್ಪಳವನ್ನು ಹಳೇ ಗಿರಾಕಿಗಳಿಗೆ ಕೊಟ್ಟು ಕೇಳಿ. ಸರಿ ಬಂದರೆ ಮುಂದಿನ ವರ್ಷ ಅರ್ಜಿ ಹಾಕಿ. ಆಗ ನಿಮ್ಮ ಯೋಜನಾ ವರದಿಯಲ್ಲಿ ನಿಮ್ಮದೇ ಸಂಖ್ಯೆ ಇರುತ್ತದೆ, ಬ್ಯಾಂಕಿನವರು ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡುತ್ತೀರಿ. ಕಿರು ಉದ್ಯಮದ ಸಾಲಕ್ಕೆ ಒಂದು ಮಿತಿಯವರೆಗೆ ಆಸ್ತಿ ಅಡವು ಕೇಳಬಾರದು ಅನ್ನುವುದು ರಿಸರ್ವ್ ಬ್ಯಾಂಕಿನ ಸೂಚನೆ. ತೋಟದ ಪಹಣಿ ಕೇಳಿದರೆ ಈ ಮಾತನ್ನು ವಿನಯದಿಂದಲೇ ನೆನಪಿಸಿ. ಮತ್ತೆ, ಮಷಿನ್ ಸಾಲದ ಜೊತೆಗೆ ಮಿಡಿ ಕಾಲದಲ್ಲಿ ಕಚ್ಚಾ ಮಾಲಿಗೆ ಬೇಕಾಗುವ ದುಡಿಯುವ ಬಂಡವಾಳವನ್ನೂ ಕೇಳಿ. ಆ ಹಾಳೆ ತಟ್ಟೆಯ ಹುಡುಗನಿಗೆ ನಾನು ಕೊಡದೆ ಹೋಗಿದ್ದು ಅದನ್ನೇ.

ಬೆಲೆಯ ಮಾತನ್ನು ಮಾರ್ಗದರ್ಶಕರ ಜೊತೆಗಿನ ಮೊದಲ ಭೇಟಿಯಲ್ಲೇ ಎತ್ತಿ. 150 ಅನ್ನುವುದನ್ನು ಎಷ್ಟಕ್ಕೆ ಏರಿಸಬಹುದು, ಯಾವ ಅಂಗಡಿಯನ್ನು ಬಿಡಬಹುದು, ನೇರವಾಗಿ ಮನೆಗೆ ಬರುವ ಗಿರಾಕಿಗೆ ಎಷ್ಟು ಬಾಟಲಿ ಎತ್ತಿಡಬಹುದು ಅನ್ನುವುದನ್ನು ಇಬ್ಬರು ಕೂತು ಯೋಚಿಸಬೇಕು. ನಾನು ಇಲ್ಲಿಂದ ಒಂದು ಸಂಖ್ಯೆ ಹೇಳಿದರೆ ತಪ್ಪಾಗುತ್ತದೆ.

ಹೋಗುವಾಗ ಮೂರು ಅಂಗಡಿಯ ಬಾಕಿ ಚೀಟಿ, ವಾಪಸ್ ಬಂದ ಬಾಟಲಿಗಳಲ್ಲಿ ಒಂದು, ಮತ್ತೆ ಮೇಲೆ ಬರೆದ ಲೆಕ್ಕದಲ್ಲಿ ನಿಮ್ಮ ಸ್ವಂತ ಸಂಖ್ಯೆ ತುಂಬಿದ ಹಾಳೆ ಜೊತೆಗಿರಲಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಮೆತ್ತಗಾದ ಮಿಡಿಯನ್ನು ನಾಚಿಕೆ ಪಟ್ಟು ಮನೆಯಲ್ಲಿ ಬಿಟ್ಟು ಹೋಗಬೇಡಿ. ಮೊದಲು ತೋರಿಸಬೇಕಾದ್ದು ಅದನ್ನೇ.